ಕರಿಬಂಡೆ ಕೋಟೆಯ ಎರಡು ಕೂಗು

ಮೇ ತಿಂಗಳಲ್ಲಿ ಶಹಾಪುರ, ಸುರಪುರದ ನಡುವಿನ ಗುಡ್ಡ ಹತ್ತುವವರಿಗೆ ತಲೆ ನೆಟ್ಟಗಿರುವುದಿಲ್ಲ. ಇದನ್ನು ನಾನು ಹೆಂಡತಿಗೆ ಮೂರು ದಿನ ಹೇಳಿದೆ. ನಾಲ್ಕನೇ ದಿನ ಬೈಕಿಗೆ ಪೆಟ್ರೋಲ್ ಹಾಕಿಸಿದೆ. ನಮ್ಮ ಮನೆಯಲ್ಲಿ ವಾದ ಮಾಡುವವನು ನಾನು, ಗೆಲ್ಲುವವಳು ಶಿವಲೀಲಾ.

ನನ್ನ ಹೆಸರು ಅಂಬರೀಶ. ಹುಣಸಗಿಯಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಕಲಿಸುತ್ತೇನೆ. ವರ್ಷಕ್ಕೊಮ್ಮೆ ಮಕ್ಕಳ ಮುಂದೆ ನಿಂಬೆಹಣ್ಣು ಕೊಯ್ದು ಅದರಿಂದ ರಕ್ತ ಬರಿಸಿ, ಅದು ಯಾವ ರಾಸಾಯನಿಕದ ಆಟ ಎಂದು ತೋರಿಸಿ, ದೆವ್ವ ಗಿವ್ವ ಯಾವುದೂ ಇಲ್ಲ ಎಂದು ಅವರ ಬಾಯಿಂದಲೇ ಹೇಳಿಸುವವನು ನಾನು. ಆ ಪಾಠದ ಫೋಟೊ ಒಮ್ಮೆ ಪೇಪರಿನಲ್ಲೂ ಬಂದಿತ್ತು. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಮುಂದೆ ನಡೆದದ್ದನ್ನು ಕೇಳಿ ಇವನೊಬ್ಬ ಏನೂ ತಿಳಿಯದ ದಡ್ಡ ಎಂದು ನೀವು ನನ್ನನ್ನು ಸುಲಭವಾಗಿ ಬಿಟ್ಟುಬಿಡಬಾರದು. ದಡ್ಡನಾಗಿದ್ದರೆ ನನಗೂ ಈಗ ಎಷ್ಟೋ ಸಲೀಸಾಗಿರುತ್ತಿತ್ತು.

ಗುಡ್ಡಕ್ಕೆ ಹೋಗಲು ಶಿವಲೀಲಾಗೆ ಒಂದು ಕಾರಣವಿತ್ತು. ಅವಳ ಅಪ್ಪ ಹುಲಗಪ್ಪ ಜೀವನವಿಡೀ ಆ ಕಡೆ ಕುರಿ ಕಾಯ್ದವರು. ಕರಿಬಂಡೆ ಗುಡ್ಡದ ನೆತ್ತಿಯ ಪಾಳುಕೋಟೆಯೊಳಗೆ, ಒಂದು ಬಂಡೆಯ ಮೈಮೇಲೆ, ಯಾವ ಕಾಲದವರೋ ಕಲ್ಲಿನಿಂದ ಕುಟ್ಟಿ ಕುಟ್ಟಿ ಮೂಡಿಸಿದ ಗೂಳಿಯೊಂದಿದೆ ಎಂದು ಮಗಳಿಗೆ ಹೇಳುತ್ತಿದ್ದರು. ಕೋಟೆ ಕಟ್ಟಿದವರದು ನಾಲ್ಕುನೂರು ವರ್ಷದ ಮಾತು. ಗೂಳಿ ಕುಟ್ಟಿದವರು ಅವರಿಗಿಂತ ಸಾವಿರಾರು ವರ್ಷ ಹಿಂದಿನವರು. ಮಾವ ಹೋದ ವರ್ಷ ತೀರಿಕೊಂಡರು. ಇವಳಿಗೆ ಆ ಗೂಳಿಯ ಒಂದು ಫೋಟೊ ಬೇಕಾಗಿತ್ತು, ನನಗೆ ರಜೆ ಇದ್ದದ್ದು ಮೇ ತಿಂಗಳಲ್ಲಿ.

ಬೆಳಗ್ಗೆ ಆರಕ್ಕೆ ಗುಡ್ಡದ ಬುಡದಲ್ಲಿರಬೇಕಿತ್ತು. ಸುರಪುರದ ಬಸ್ ಸ್ಟ್ಯಾಂಡಿನ ಹತ್ತಿರ ಮಂಡಕ್ಕಿ ಸುಸಲಾ, ಮಿರ್ಚಿ ತಿನ್ನದೆ ಮುಂದೆ ಹೋಗುವುದಿಲ್ಲ ಎಂದು ಹಟ ಹಿಡಿದವನು ನಾನು. ಒಣಗಿ ಬಿರಿದ ಕೆರೆಯ ಪಕ್ಕ ಬೇವಿನ ಮರದ ಕೆಳಗೆ ಬೈಕ್ ನಿಲ್ಲಿಸಿದಾಗ ಎಂಟೂವರೆಯಾಗಿತ್ತು. ಅಲ್ಲಿಂದ ಮೇಲೆ ದಾರಿ ಅನ್ನುವುದಿಲ್ಲ. ಮನೆಯಷ್ಟು ದೊಡ್ಡ ಬಂಡೆಗಳು ಒಂದರ ಮೇಲೊಂದು ಬಿದ್ದಿವೆ, ಸಂದಿನಲ್ಲಿ ಜಾಲಿಮುಳ್ಳು, ಕಾಲಿಟ್ಟರೆ ಜಾರುವ ಗರಸು. ಒಂಬತ್ತೂವರೆಗೇ ಬಂಡೆ ಮುಟ್ಟಿದರೆ ಅಂಗೈ ಹಿಂದಕ್ಕೆ ಬರುತ್ತಿತ್ತು. ಬೈಯುತ್ತಾ ಹತ್ತಿದೆ. ಶಿವಲೀಲಾ ನಗುತ್ತಾ ಹತ್ತಿದಳು.

ಕೋಟೆ ಎಂದರೆ ಈಗ ಉಳಿದಿರುವುದು ಒಂದು ಅಗಸೆ ಬಾಗಿಲು, ಅಲ್ಲಲ್ಲಿ ಎದೆಮಟ್ಟದ ಗೋಡೆ, ಮೇಲ್ಛಾವಣಿ ಇಲ್ಲದ ನಾಲ್ಕಾರು ಕೋಣೆ, ಮೊಣಕಾಲೆತ್ತರ ಒಣಹುಲ್ಲು. ಎರಡು ತಾಸು ಹುಡುಕಿದರೂ ಗೂಳಿ ಸಿಗಲಿಲ್ಲ. ಮೂರು ಬಾಟಲಿ ನೀರಿನಲ್ಲಿ ಎರಡು ಮುಗಿದಿದ್ದವು. ನನಗೆ ಸಿಟ್ಟು ನೆತ್ತಿಗೇರಿತ್ತು.

"ನಿಮ್ಮಪ್ಪ ಬಿಸಿಲಿಗೆ ಮಲಗಿ ಕನಸ ಕಂಡಿರಬೇಕು," ಅಂದೆ. ಅನ್ನಬಾರದಾಗಿತ್ತು.

ಅವಳು ಸಿಟ್ಟಾಗಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, "ಮಾಸ್ತರ್ರ, ನೀವು ಬಂದ ದಾರಿಲೆ ಇಳೀರಿ. ನಾ ಇನ್ನೊಂದು ಸಾಲ ಬಂಡಿಗಲ್ಲ ನೋಡಿ, ಹಿಂದಿನ ಕುರಿದಾರಿಲೆ ಇಳೀತೀನಿ. ಅಪ್ಪ ಇಳೀತಿದ್ದ ದಾರಿ ಅದು, ನನಗ ಗೊತ್ತೈತಿ. ಬೇವಿನ ಗಿಡದ ಕೆಳಗ ಕೂಡೂಣು," ಅಂದಳು. ಎರಡು ಗುಟುಕು ನೀರು ಕುಡಿದು ಬಾಟಲಿ ನನ್ನ ಕೈಗೇ ಕೊಟ್ಟಳು. "ನಿಮಗ ತಡಿಯಂಗಿಲ್ಲ. ನಾ ನಿಮಗಿಂತ ಮೊದಲ ಇಳದಿರ್ತೀನಿ ನೋಡ್ರಿ."

ನಾನು ಬೇಡ ಅನ್ನಲಿಲ್ಲ. ಅಗಸೆ ಬಾಗಿಲಿಗೆ ಬಂದು ಅದರ ನೆರಳಲ್ಲಿ ಕುಳಿತೆ. ಅರ್ಧ ತಾಸು ಕೂತಿರಬೇಕು, ಒಂದು ಸಣ್ಣ ಜೊಂಪೂ ಹತ್ತಿತು. ಎದ್ದಾಗ ಗಡಿಯಾರ ಹನ್ನೆರಡೂಕಾಲು. ಅವಳು ಇಷ್ಟೊತ್ತಿಗೆ ಹಿಂದಿನ ಇಳಿಜಾರಿನಲ್ಲಿ ಅರ್ಧಕ್ಕೆ ಬಂದಿರುತ್ತಾಳೆ ಎಂದುಕೊಂಡು, ಚೀಲ ಹೆಗಲಿಗೆ ಹಾಕಿ, ಇಳಿಯಲು ಎರಡು ಹೆಜ್ಜೆ ಇಟ್ಟೆ.

"ಅಂಬರೀಶಾ."

ಬೆನ್ನ ಹಿಂದಿನಿಂದ, ಕೋಟೆಯೊಳಗಿಂದ ಬಂತು. ನೆಲದಡಿಯಿಂದ ಬಂದಂತಿತ್ತು. ಶಿವಲೀಲಾಳ ದನಿ.

ಇಲ್ಲಿ ಎರಡು ಮಾತು ಹೇಳಬೇಕು. ಮೊದಲನೆಯದು, ನಮ್ಮ ಮದುವೆಯಾಗಿ ಒಂಬತ್ತು ವರ್ಷವಾಗಿದೆ, ಶಿವಲೀಲಾ ಒಂದು ದಿನವೂ ನನ್ನ ಹೆಸರು ಹೇಳಿಲ್ಲ. ನಮ್ಮ ಕಡೆ ಗಂಡನ ಹೆಸರು ಹಿಡಿಯುವುದಿಲ್ಲ. ಇವಳು ಬಿ.ಎ. ಓದಿದ್ದರೂ ಈ ಒಂದು ವಿಷಯದಲ್ಲಿ ಅವರವ್ವನ ಮಗಳೇ. ಬ್ಯಾಂಕಿನವರು ಗಂಡನ ಹೆಸರು ಕೇಳಿದರೆ ಆಧಾರ್ ಕಾರ್ಡ್ ತೋರಿಸುತ್ತಾಳೆ. ಒಂದು ಸಲ ಹೇಳು, ಕಿವಿಯೋಲೆ ಮಾಡಿಸಿಕೊಡುತ್ತೇನೆ ಎಂದು ಕಾಡಿಸಿದ್ದೆ. ಓಲೆ ಬೇಡ ಅಂದಳು.

ಎರಡನೆಯದು ನನ್ನ ಅಜ್ಜಿ ಹಣಮಮ್ಮನ ಮಾತು. ನನ್ನನ್ನು ಸಾಕಿದವಳು ಆಕೆ. ಸತ್ತು ಹನ್ನೆರಡು ವರ್ಷವಾಯಿತು. ಚಿಕ್ಕವನಿದ್ದಾಗ ನಾನು ಕುರಿ ಹಿಂದೆ ಗುಡ್ಡಕ್ಕೆ ಹೋಗುವ ಪ್ರತಿ ಸಲವೂ ನನ್ನ ಗದ್ದ ಹಿಡಿದು ಹೇಳುತ್ತಿದ್ದಳು: "ಮಟಮಟ ಮಧ್ಯಾನದಾಗ, ಪಾಳಬಿದ್ದ ಜಾಗದಾಗ ಯಾರರೆ ಹೆಸರ ಹಿಡದು ಕರದ್ರ ಓ ಅನಬ್ಯಾಡ. ಮನಿಷಾ ಇದ್ರ ಮೂರ ಸಲ ಕರೀತಾನ. ಅದು ಎರಡ ಸಲದ ಮ್ಯಾಲ ಕರಿಯಂಗಿಲ್ಲ. ನಿನಗ ಬೇಕಾದವ್ರ ದನಿ ತಗೊಂಡೇ ಬರ್ತೈತಿ. ಹೊಳ್ಳಿ ನೋಡಬ್ಯಾಡ, ಓಡಬ್ಯಾಡ, ಸುಮ್ಮ ನಡದ ಬಾ." ಯಾವುದು ಕರೆಯುತ್ತದೆ ಎಂದು ಕೇಳಿದರೆ ಹೆಸರು ಹೇಳುತ್ತಿರಲಿಲ್ಲ.

ನಾನು ನಿಂತೆ. ನಲವತ್ನಾಲ್ಕು ಡಿಗ್ರಿ ಬಿಸಿಲಲ್ಲಿ ಬೆನ್ನು ತಣ್ಣಗೆ ಬೆವರಿತು.

"ಅಂಬರೀಶಾ."

ಈ ಸಲ ಉದ್ದಕ್ಕೆ ಎಳೆದಂತೆ ಬಂತು. ನನ್ನ ಬಾಯಿ ತಾನಾಗಿ ಮುಚ್ಚಿತು. ವಿಜ್ಞಾನ ಎಲ್ಲಿ ಹೋಯಿತೋ ಗೊತ್ತಿಲ್ಲ, ನಿಂಬೆಹಣ್ಣು ಎಲ್ಲಿ ಹೋಯಿತೋ ಗೊತ್ತಿಲ್ಲ. ತಲೆ ಮಾತ್ರ ಚೆನ್ನಾಗಿ ಓಡುತ್ತಿತ್ತು, ಅದೇ ನಾಚಿಕೆ. ಶಿವಲೀಲಾ ಹಿಂದಿನ ಇಳಿಜಾರಿನಲ್ಲಿದ್ದಾಳೆ, ಈ ದನಿ ಕೋಟೆಯೊಳಗಿದೆ. ಶಿವಲೀಲಾ ಮಾಸ್ತರ್ರ ಅನ್ನುತ್ತಾಳೆ, ಇದು ಹೆಸರು ಹಿಡಿಯುತ್ತಿದೆ. ಅಂದಮೇಲೆ ಇದು ಶಿವಲೀಲಾ ಅಲ್ಲ. ಬೋರ್ಡಿನ ಮೇಲೆ ಲೆಕ್ಕ ಬಿಡಿಸಿದಷ್ಟು ಸರಿಯಾಗಿ ಬಿಡಿಸಿದೆ.

ಮೂರನೆಯದಕ್ಕೆ ಕಾದೆ. ಖಂಡಿತ ಕಾದೆ. ಹತ್ತು ಉಸಿರು, ಹದಿನೈದು ಉಸಿರು. ಬರಲಿಲ್ಲ. ಆಮೇಲೆ ಅಜ್ಜಿ ಹೇಳಿದಂತೆ, ಹೊಳ್ಳಿ ನೋಡದೆ, ಓಡದೆ, ಕಲ್ಲು ಉರುಳಿಸುತ್ತಾ ಇಳಿದು ಹೋದೆ.

ಬೇವಿನ ಮರದ ಕೆಳಗೆ ಶಿವಲೀಲಾ ಇರಲಿಲ್ಲ. ಇರಬೇಕಾದಷ್ಟು ಹೊತ್ತೇನೂ ಆಗಿಲ್ಲ ಎಂದುಕೊಂಡೆ. ಕೆಳಗೆ ಬಂದಮೇಲೆ ಧೈರ್ಯ ಬಂತು, ನಗುವೂ ಬಂತು. ಬಂದ ಕೂಡಲೇ ಹೇಳಬೇಕು, ನಿನ್ನ ದನಿಯಲ್ಲಿ ದೆವ್ವ ನನ್ನ ಹೆಸರು ಹಿಡಿಯಿತು, ನೀನೂ ಕಲಿ ಎಂದು. ಈ ಮಾತನ್ನು ಮನಸ್ಸಿನಲ್ಲೇ ಎರಡು ಮೂರು ಸಲ ತಿದ್ದಿ ಇಟ್ಟುಕೊಂಡೆ. ಕಾಯುತ್ತಾ ಕಾಯುತ್ತಾ ಬಾಟಲಿಯ ನೀರು ಪೂರಾ ಕುಡಿದೆ.

ಒಂದೂಕಾಲಾಯಿತು. ಫೋನು ಹಚ್ಚಲು ಹೋದರೆ ಸಿಗ್ನಲ್ಲೇ ಇರಲಿಲ್ಲ. ಕೆರೆ ಏರಿಯ ಆ ಬದಿಗೆ, ಕುರಿದಾರಿ ಬಂದು ಕೂಡುವ ಕಡೆ, ಒಬ್ಬ ಮುದುಕ ಬಂಡೆಯ ನೆರಳಿಗೆ ಕುರಿ ನಿಲ್ಲಿಸಿಕೊಂಡು ಕೂತಿದ್ದ. ಹೆಸರು ಅಮಾತೆಪ್ಪ ಎಂದು ಆಮೇಲೆ ತಿಳಿಯಿತು. ಓಡಿ ಹೋಗಿ ಕೇಳಿದೆ.

"ಮುಂಜಾನಿಂದ ಇಲ್ಲೇ ಅದೀನ್ರಿ," ಅಂದ. "ಈ ದಾರಿಲೆ ಹೆಣಮಗಳು ಯಾರೂ ಇಳದಿಲ್ಲ. ಇಳದಿದ್ರ ಕುರಿ ಬೆದರ್ತಿದ್ವು."

ಆ ಕ್ಷಣಕ್ಕೇ ನನಗೆ ಎಲ್ಲ ತಿಳಿಯಿತು. ಆ ಮುದುಕನ ಮುಂದೆ ನೆಲಕ್ಕೆ ಕೂತೆ. ಅವನು ನನ್ನನ್ನೇ ನೋಡಿ, ಕುರಿಗಳ ಹತ್ತಿರ ನಾಯಿ ಬಿಟ್ಟು, ನೀರಿನ ಕ್ಯಾನ್ ಹೆಗಲಿಗೆ ಹಾಕಿದ. ಊರಲ್ಲಿದ್ದ ತಮ್ಮನ ಮಗ ದೇವಿಂದ್ರನಿಗೆ ಫೋನು ಮಾಡಿ ಹಗ್ಗ, ನೀರು, ನಾಲ್ಕು ಮಂದಿಯನ್ನು ತರಲು ಹೇಳಿದ. ನನ್ನ ಫೋನಿಗೆ ಸಿಗದ ಸಿಗ್ನಲ್ ಅವನದಕ್ಕೆ ಸಿಕ್ಕಿತು. ಆಮೇಲೆ ಕೇಳಿದ.

"ಆಕಿ ಒದರಿದ್ದು ಗಿದರಿದ್ದು ಏನರೆ ಕೇಳಿಸ್ತೇನ್ರಿ?"

"ಇಲ್ಲ," ಅಂದೆ.

ಯಾಕೆ ಹಾಗೆಂದೆ ಎಂದು ನನ್ನನ್ನು ಕೇಳಬೇಡಿ. ನಾಚಿಕೆ, ಮತ್ತೇನು. ಹೆಂಡತಿ ಸಾಯುತ್ತಿದ್ದಾಗಲೂ ಮರ್ಯಾದೆ ನೋಡಿಕೊಳ್ಳುವ ಜಾತಿಯವನು ನಾನು ಎಂದು ನನಗೆ ಅವತ್ತೇ ಗೊತ್ತಾದದ್ದು.

ಕೇಳಿಸಿಲ್ಲ ಅಂದಮೇಲೆ ಆಕೆ ಕೋಟೆಯಿಂದ ದೂರ, ಕುರಿದಾರಿಯಲ್ಲೇ ಎಲ್ಲೋ ಬಿದ್ದಿರಬೇಕು ಎಂದು ಅಮಾತೆಪ್ಪ ನಿರ್ಧರಿಸಿದ. ಸರಿಯಾದ ತೀರ್ಮಾನವೇ, ನಾನು ಕೊಟ್ಟದ್ದು ಸುಳ್ಳು ಲೆಕ್ಕ. ಒಂದೊಂದೇ ಬಂಡೆಯ ಹಿಂದೆ ಬಗ್ಗಿ ನೋಡುತ್ತಾ, ಒಂದೊಂದೇ ಸಂದಿಗೆ ಕೂಗುತ್ತಾ ಹತ್ತಿದೆವು. ಅಲ್ಲಿ ಇಲ್ಲ ಎಂದು ಗೊತ್ತಿದ್ದೂ ನಾನು ಬಗ್ಗಿ ನೋಡಿದೆ. ಅರವತ್ತೈದು ದಾಟಿದ ಮುದುಕ ನನ್ನ ಸುಳ್ಳಿಗೆ ಮೊಣಕಾಲೂರಿ ಮುಳ್ಳಿನೊಳಗೆ ತಲೆ ಹಾಕುತ್ತಿದ್ದ. ಅರ್ಧ ತಾಸು ಹೀಗೇ ಹೋಯಿತು. ಬಿಸಿಲಿಗೆ ಕಣ್ಣು ಕತ್ತಲಿಟ್ಟು ಬಂತು. ನಾನು ನೀರು ಕುಡಿದು ಬಂದವನು, ನನಗೇ ಹೀಗಾದರೆ ಅವಳಿಗೆ ಹೇಗಾಗಿರಬೇಕು ಎಂಬ ಯೋಚನೆ ಬಂದದ್ದೇ ತಡೆಯಲಾಗಲಿಲ್ಲ.

"ಕರದಳು," ಅಂದೆ. "ಕೋಟಿ ಒಳಗಿಂದ ಕರದಳು. ನಾ ಓ ಅನಲಿಲ್ಲ."

ಅಮಾತೆಪ್ಪ ನಿಂತ. ನನ್ನ ಕಪಾಳಕ್ಕೆ ಬಾರಿಸುತ್ತಾನೆ ಎಂದುಕೊಂಡೆ, ಬಾರಿಸಿದ್ದರೆ ಒಳ್ಳೆಯದಿತ್ತು.

"ಎಷ್ಟ ಸಲ?" ಎಂದು ಕೇಳಿದ.

"ಎರಡ ಸಲ."

"ಹೆಸರ ಹಿಡದು?"

"ಹೂಂ."

ಅವನು ತಲೆ ಆಡಿಸಿದ. "ಎರಡ ಸಲಕ್ಕ ಯಾರೂ ಓ ಅನಂಗಿಲ್ಲ ಬಿಡ್ರಿ. ನಾ ಆದ್ರೂ ಅಂತಿದ್ದಿಲ್ಲ," ಅಂದ. ಅಷ್ಟು ಹೇಳಿ ಕುರಿದಾರಿ ಬಿಟ್ಟು ನೇರವಾಗಿ ಬಂಡೆ ಹತ್ತತೊಡಗಿದ. ಅವನ ಹಿಂದೆ ನಾನು ಅಳುತ್ತಾ ಹತ್ತಿದೆ. ಹೌದು, ಅಳುತ್ತಾ. ಮೂವತ್ತೆಂಟು ವರ್ಷದ ಗಂಡಸು, ಮೂಗು ಸುರಿಸಿಕೊಂಡು.

ಕೋಟೆಯೊಳಗೆ ಎಲ್ಲ ಕಡೆ ಅದೇ ಹುಲ್ಲು, ಅದೇ ಬಿದ್ದ ಗೋಡೆ. ಕೂಗಿದೆವು. ಉತ್ತರವಿಲ್ಲ. "ದನಿ ಯಾ ಕಡಿಂದ ಬಂತು, ಸರಿಯಾಗಿ ನೆನಪ ಮಾಡ್ರಿ," ಎಂದು ಅಮಾತೆಪ್ಪ ಕೇಳಿದ. ನಾನು ತಿರುಗಿಯೇ ನೋಡಿರಲಿಲ್ಲವಲ್ಲ, ಏನು ನೆನಪು ಮಾಡಲಿ? ಕೊನೆಗೆ ಅಗಸೆ ಬಾಗಿಲಿಗೆ ಹೋಗಿ, ಆಗ ನಿಂತಿದ್ದ ಜಾಗದಲ್ಲೇ, ಕೋಟೆಗೆ ಬೆನ್ನು ಮಾಡಿ ನಿಂತೆ. ಕಣ್ಣು ಮುಚ್ಚಿದೆ. ದನಿ ಮತ್ತೆ ಕಿವಿಯಲ್ಲಿ ಬಂತು. ಬಲಗಿವಿಗಿಂತ ಎಡಗಿವಿಗೆ ಹೆಚ್ಚು. ಎಡ ಹೆಗಲ ಮೇಲಿಂದ ಕೈ ಮಾಡಿ ತೋರಿಸಿದೆ. ಅಮಾತೆಪ್ಪ ಆ ಗುರಿ ಹಿಡಿದು ಹೋದ.

ಅರವತ್ತು ಹೆಜ್ಜೆ. ಆಮೇಲೆ ಎಣಿಸಿ ನೋಡಿದ್ದೇನೆ.

ಅದೊಂದು ಹಗೇವು. ಹಿಂದಿನವರು ಜೋಳ ತುಂಬಿಡಲು ನೆಲದಡಿ ತೋಡಿದ ಹೊಂಡ, ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಬಾಯಿಗೆ ಹುಲ್ಲು ಮುಸುಕಿತ್ತು. ಹುಲ್ಲು ಒಂದು ಕಡೆ ಮುರಿದು ಒಳಗೆ ಬಾಗಿತ್ತು. ಎರಡಾಳು ಆಳದಲ್ಲಿ ಶಿವಲೀಲಾಳ ಹಸಿರು ಸೀರೆ ಕಾಣಿಸಿತು. ಒಂದು ಕಾಲು ಇರಬಾರದ ದಿಕ್ಕಿಗೆ ತಿರುಗಿತ್ತು. ಎಷ್ಟು ಸಲ ಕರೆದೆನೋ, ಅಲುಗಲಿಲ್ಲ. ಜಿಗಿಯಲು ಹೋದೆ. ಅಮಾತೆಪ್ಪ ಕಾಲರ್ ಹಿಡಿದು ಹಿಂದಕ್ಕೆಳೆದ.

"ಆಕಿ ಮ್ಯಾಲ ಬೀಳ್ತೀರೇನು? ಸುಮ್ಮ ಕೂಡ್ರಿ."

ತಲೆಯ ಪಟಕ ಬಿಚ್ಚಿ, ಕ್ಯಾನಿನ ನೀರಲ್ಲಿ ಒಂದು ತುದಿ ನೆನೆಸಿ, ಹೊಂಡದೊಳಗೆ ಇಳಿಬಿಟ್ಟ. ತುದಿ ಅವಳ ಮುಖದ ಮೇಲೆ ಬಿತ್ತು. ಎಳೆದು, ನೆನೆಸಿ, ಮತ್ತೆ ಬಿಟ್ಟ. ಏಳನೆಯದೋ ಎಂಟನೆಯದೋ ಸಲಕ್ಕೆ ತುಟಿ ಸ್ವಲ್ಪ ಅಲುಗಿತು. "ಜೀವ ಐತಿ," ಅಂದ. ಆಮೇಲೆ ಆ ಕೆಲಸ ನನಗೆ ಕೊಟ್ಟು ಗೋಡೆ ಏರಿ ದೇವಿಂದ್ರನ ಮಂದಿಗೆ ಕೈಬೀಸುತ್ತಾ ನಿಂತ. ಅವರು ಬರಲು ಮುಕ್ಕಾಲು ತಾಸು ಬೇಕಾಯಿತು. ಆ ಮುಕ್ಕಾಲು ತಾಸು ನಾನು ಬಟ್ಟೆ ನೆನೆಸಿದೆ, ಇಳಿಬಿಟ್ಟೆ, ನೆನೆಸಿದೆ, ಇಳಿಬಿಟ್ಟೆ. ಯಾವ ದೇವರನ್ನೂ ಬಿಡಲಿಲ್ಲ, ನಂಬದವರನ್ನೂ ನಂಬುವವರನ್ನೂ ಒಂದೇ ಉಸಿರಿಗೆ ಬೇಡಿಕೊಂಡೆ.

ಹಗ್ಗ ಬಿಟ್ಟು ಮೇಲೆತ್ತಿದರು, ಹೊರಸಿನ ಮಂಚಕ್ಕೆ ಕಟ್ಟಿ ಕೆಳಗಿಳಿಸಿದರು. ಆಂಬುಲೆನ್ಸ್ ರಸ್ತೆಯಲ್ಲಿ ಕಾಯುತ್ತಿತ್ತು. ಯಾದಗಿರಿಯ ಆಸ್ಪತ್ರೆ ಮುಟ್ಟುವವರೆಗೆ ಮೈ ಕೆಂಡವಾಗಿತ್ತು, ಕಣ್ಣು ತೆರೆಯಲಿಲ್ಲ. ತೊಡೆಯ ಎಲುಬು ಮುರಿದಿದೆ, ಅದು ಕೂಡುತ್ತದೆ, ಬಿಸಿಲು ಬಡಿದು ಮೂತ್ರಪಿಂಡ ಕೆಟ್ಟಿವೆ, ಅದನ್ನು ಈಗಲೇ ಹೇಳಲಾಗುವುದಿಲ್ಲ ಎಂದರು ಡಾಕ್ಟರು. ಇನ್ನೊಂದು ತಾಸು ಮೊದಲು ತಂದಿದ್ದರೆ ಇಷ್ಟು ಕಷ್ಟವಾಗುತ್ತಿರಲಿಲ್ಲ ಎಂದೂ ಅಂದರು. ಅವರಿಗೆ ಅದು ದಿನವೂ ಹೇಳುವ ಮಾತು.

ನನ್ನ ಅತ್ತೆ ದುರಗಮ್ಮ ಸಂಜೆಗೆ ಬಂದರು. ಗಂಡನನ್ನು ಕಳೆದುಕೊಂಡು ವರ್ಷವಾಗಿರಲಿಲ್ಲ, ಈಗ ಮಗಳು. ಅವರು ಅಳಲಿಲ್ಲ. ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತು ಒಂದೇ ಪ್ರಶ್ನೆ ಕೇಳಿದರು.

"ಬಿದ್ದಾಕಿ ಒದರಿರಬೇಕಲ್ಲಪ್ಪ. ನಿನಗ ಕೇಳಿಸಲಿಲ್ಲೇನು?"

ನಾನು ಔಷಧಿ ಚೀಟಿ ಹಿಡಿದು ಎದ್ದುಹೋದೆ. ಮರುದಿನ ಬೆಳಗ್ಗೆ ಮತ್ತೆ ಕೇಳಿದರು. ಡಾಕ್ಟರು ಕರೆಯುತ್ತಿದ್ದಾರೆ ಅಂದೆ. ಯಾರೂ ಕರೆದಿರಲಿಲ್ಲ.

ಮೂರನೇ ದಿನ ಹತ್ತು ಗಂಟೆಯ ಹೊತ್ತಿಗೆ ಶಿವಲೀಲಾ ಕಣ್ಣು ತೆರೆದಳು. ಮೂತ್ರ ಬರತೊಡಗಿದೆ, ಇನ್ನು ಭಯವಿಲ್ಲ ಎಂದು ನರ್ಸ್ ಹೇಳಿ ಹೋದರು. ನಾನು ಚಮಚದಲ್ಲಿ ನೀರು ಕೊಟ್ಟೆ. ತುಟಿ ಒಡೆದು ಕರ್ರಗಾಗಿದ್ದವು. ಮೊದಲು ಹೇಳಿದ ಮಾತು ಗೂಳಿಯದು.

"ಗೂಳಿ ಸಿಕ್ಕಿತ್ರಿ. ಅಪ್ಪ ಹೇಳಿದಂಗ ಐತಿ. ಫೋಟೊದಾಗ ಪೂರಾ ಬರವಲ್ದು ಅಂತ ಹಿಂದ ಹಿಂದ ಸರದೆ."

ಮಾತಾಡಬೇಡ ಅಂದೆ. ಅವಳು ಕೇಳಲಿಲ್ಲ. ನನ್ನ ಹೆಂಡತಿ ಯಾವಾಗ ಕೇಳಿದ್ದಾಳೆ.

"ಬಿದ್ದ ಕೂಡ್ಲೆ ಎಚ್ಚರ ಹೋಗಿತ್ತು. ಎಚ್ಚರಾದ ಮ್ಯಾಲ ನಿಮ್ಮನ್ನ ಕರದೆ. ಮಾಸ್ತರ್ರ ಅಂದ್ರ ಚಾಷ್ಟಿ ಮಾಡಾಕತ್ತಾಳ ಅಂತ ನೀವು ಸುಮ್ಮ ಕೂಡ್ತೀರಿ. ಅದಕ್ಕ ಹೆಸರ ಹಿಡದೆ. ಎಂದೂ ಹಿಡಿಯದಾಕಿ ಹಿಡದಾಳ ಅಂದ್ರ ಏನೋ ಆಗೇತಿ ಅಂತ ಓಡಿ ಬರ್ತೀರಿ ಅಂತ."

ಚಮಚ ಲೋಟದೊಳಗೆ ಇಟ್ಟೆ.

"ಎರಡ ಸಲ ಕರದೆ. ಉಸಿರ ಹತ್ತವಲ್ದಾತು, ಸ್ವಲ್ಪ ತಡದು ಮೂರನೇ ಸಲ ಬಾಯಿ ತಗದಿದ್ದೆ. ಅಷ್ಟರಾಗ ಕಲ್ಲ ಉರುಳಿದ ಸಪ್ಪಳ ಆತು. ನೀವು ಬರಾಕತ್ತೀರಿ ಅಂತ ಸುಮ್ಮನಾದೆ." ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡಳು. "ಬಾಳ ಹೊತ್ತು ಸುಮ್ಮ ಇದ್ದೆ. ಬಂದ್ರು, ಈಗ ಬಂದ್ರು ಅಂತ. ಆಮ್ಯಾಲ ಕರೀಬೇಕಂದ್ರ ನಾಲಿಗಿ ಏಳವಲ್ದಾತು."

ನಾನು ಅವಳ ಕಾಲ ಹತ್ತಿರದ ಕಬ್ಬಿಣದ ಸರಳು ಹಿಡಿದುಕೊಂಡು ಕೂತಿದ್ದೆ. ಅವಳೇ ಕೇಳಿದಳು.

"ನನ್ನ ದನಿ ಅಂತ ಗುರ್ತ ಹತ್ತಲಿಲ್ಲೇನ್ರಿ?"

ಇಲ್ಲ ಅನ್ನುವುದು ಬಾಯಿಗೆ ಬಂದಿತ್ತು. ಎರಡು ದಿನದಿಂದ ಅದನ್ನೇ ತಿದ್ದಿ ತೀಡಿ ಇಟ್ಟುಕೊಂಡಿದ್ದೆ. ಗುಡ್ಡದಲ್ಲಿ ದನಿ ಒಡೆಯುತ್ತದೆ, ಯಾರದೆಂದು ತಿಳಿಯುವುದಿಲ್ಲ, ಅದಕ್ಕೆ ವಿಜ್ಞಾನದಲ್ಲಿ ಕಾರಣವೂ ಇದೆ. ಅವಳು ಕಣ್ಣು ತೆರೆದು ನನ್ನನ್ನೇ ನೋಡುತ್ತಿದ್ದಳು, ಆ ಕಣ್ಣಿಗೆ ಸುಳ್ಳು ಹೇಳಲು ನನ್ನಿಂದಾಗಲಿಲ್ಲ.

"ಹತ್ತಿತ್ತು," ಅಂದೆ. "ನಿನ್ನ ದನಿ ಅಂತ ಗೊತ್ತಾತು. ಗೊತ್ತಾಗಿದ್ದಕ್ಕ ಬಿಟ್ಟು ಹೋದೆ."

ಬಿಡಿಸಿ ಹೇಳುವ ಅಗತ್ಯ ಬೀಳಲಿಲ್ಲ. ಅವಳೂ ಕುರಿಯವರ ಮನೆಯಲ್ಲಿ ಬೆಳೆದವಳು, ಎರಡು ಕೂಗಿನ ಆ ಮಾತು ಅವಳಿಗೂ ಗೊತ್ತು. ಮೇಲಿನ ಫ್ಯಾನು ನೋಡುತ್ತಲೇ ಕೇಳಿದಳು.

"ಬ್ಯಾರೆ ಯಾರರೆ ಕರದಿದ್ರ?"

"ಬರ್ತಿದ್ದೆ."

"ಗುರ್ತಿಲ್ಲದಾಕಿ ಆಗಿದ್ರ?"

"ಓಡಿ ಬರ್ತಿದ್ದೆ, ಶಿವಲೀಲಾ."

ಅವಳು ಅಳಲಿಲ್ಲ, ಬೈಯಲಿಲ್ಲ. ಬೈಯಲಿ ಎಂದು ನಾನು ಕಾಯುತ್ತಿದ್ದೆ. "ನೀವು ಹೊರಗ ಕೂಡ್ರಿ," ಅಂದಳು. "ಅವ್ವನ್ನ ಒಳಗ ಕಳಸ್ರಿ."

ಹೊರಗೆ ಬಂದೆ. ದುರಗಮ್ಮ ನನ್ನ ಮುಖ ನೋಡಿ ಏನೂ ಕೇಳದೆ ಒಳಗೆ ಹೋದರು. ಬಾಗಿಲಿನ ಪರದೆ ಅರ್ಧ ಸರಿದಿತ್ತು. ಬೆಂಚಿನ ಮೇಲೆ ಕೂತವನಿಗೆ ಒಳಗಿನ ಮಾತು ಸ್ಪಷ್ಟವಾಗಿ ಕೇಳಿಸುತ್ತಿತ್ತು. ಮಗಳ ತಲೆ ಸವರುತ್ತಾ ಅತ್ತೆ ಕೇಳಿದ್ದು ಅದನ್ನೇ.

"ನೀ ಒದರಲಿಲ್ಲೇನವ್ವ? ಆತಗ ಕೇಳಿಸಲಿಲ್ಲೇನು?"

"ಒದರಿದೆ," ಅಂದಳು ಶಿವಲೀಲಾ. "ಗಾಳಿ ಬಾಳ ಇತ್ತವ್ವ ಅವತ್ತು. ಅವರಿಗಿ ಕೇಳಿಸಿಲ್ಲ."

ಅವತ್ತು ಗುಡ್ಡದ ಮೇಲೆ ಒಂದು ಹುಲ್ಲುಕಡ್ಡಿಯೂ ಅಲುಗಿರಲಿಲ್ಲ.